ಹನ್ನೊಂದು ಹತ್ತರ ಕುರ್ಚಿ

ಗೋಡೆಗೆ ಅಂಟಿಸಿದ್ದ ಪಟ್ಟಿಯಲ್ಲಿ ಮೊಟ್ಟಮೊದಲ ಹೆಸರು ತನ್ನದೇ. ಒಬ್ದೂಲಿಯಾ ತೆಪಾಲೆ, ಹನ್ನೊಂದು ಹತ್ತರಿಂದ ಹನ್ನೊಂದು ಇಪ್ಪತ್ತು. ಕೂರುವುದಕ್ಕೆ. ಒಬ್ದೂಲಿಯಾ ಏಪ್ರನ್ನಿನ ಅಂಚಿನಿಂದ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದಳು. ಓದಿದಷ್ಟೂ ಅದು ಕೋರ್ಟಿನಿಂದ ಬಂದ ಕಾಗದದಂತೆ ಕಂಡಿತು. ಮೂವತ್ತೊಂದು ವರ್ಷ ಈ ಅಂಗಡಿಯ ಉದ್ದನೆಯ ಮರದ ಮೇಜಿನ ಹಿಂದೆ ನಿಂತು ಪ್ವೆಬ್ಲಾ ಊರಿನ ಮದುವಣಗಿತ್ತಿಯರಿಗೂ ಹಸುಗೂಸುಗಳಿಗೂ ಹೆಣಗಳಿಗೂ ಬಟ್ಟೆ ಅಳೆದು ಕತ್ತರಿಸಿ ಕೊಟ್ಟವಳು ಅವಳು. ಇಷ್ಟು ವರ್ಷ ಇಲ್ಲದ ಹತ್ತು ನಿಮಿಷ ಈಗ ಎಲ್ಲಿಂದ ಬಂತು? ಬಂದದ್ದು ರಾಜಧಾನಿಯಿಂದ. ನಿಂತು ದುಡಿಯುವವರಿಗೆ ಕುರ್ಚಿ ಕೊಡಬೇಕು ಎಂದು ದೇಶಕ್ಕೇ ಕಾಯ್ದೆ ಬಂದಿತ್ತು. ಧಣಿ ದೋನ್ ಅನ್ಸೆಲ್ಮೊ ಆರು ತಿಂಗಳು ಆ ಕಾಯ್ದೆ ತನ್ನ ಬೀದಿಯನ್ನು ಮರೆತುಬಿಡಲಿ ಎಂದು ಕಾದು, ಕೊನೆಗೆ ಸೋತು, ಸೋಮವಾರ ಒಂದು ಕುರ್ಚಿ ತರಿಸಿದ್ದ. ಒಂಬತ್ತು ಹೆಂಗಸರು, ಒಂದು ಕುರ್ಚಿ. ಕಪ್ಪು ಪ್ಲಾಸ್ಟಿಕ್ಕಿನದು, ನಾಲ್ಕೂ ಕಾಲು ಸಮನಾಗಿದ್ದವು, ಮೇಲೆ ಸುತ್ತಿ ಬಂದ ಹಾಳೆಯನ್ನು ಇನ್ನೂ ಕಿತ್ತಿರಲಿಲ್ಲ. ಅದನ್ನು ಇಟ್ಟದ್ದಾದರೂ ಎಲ್ಲಿ? ಮಖಮಲ್ಲಿನ ವಿಭಾಗಕ್ಕೂ ಕಂಬಕ್ಕೂ ನಡುವೆ, ಬಾಗಿಲಿಂದ ಒಳಗೆ ಬಂದ ಯಾರ ಕಣ್ಣಿಗಾದರೂ ಮೊದಲು ಬೀಳುವ ಜಾಗದಲ್ಲಿ. ಪಟ್ಟಿಯ ಕೆಳಗೆ ಧಣಿಯ ಕೈಬರಹದಲ್ಲಿ ಮೂರು ಸಾಲು: ಕೂತವರು ಕಾಲ ಮೇಲೆ ಕಾಲು ಹಾಕಕೂಡದು. ಕತ್ತರಿ ಕೈಯಲ್ಲೇ ಇರಬೇಕು. ಈಗ ತಾನೇ ಎದ್ದೇಳುವವರಂತೆ ಕೂರಬೇಕು.

"ದೋನ್ಯಾ ಒಬ್ದು, ನಿಮ್ದೇ ಬೋಣಿ!" ಎಂದಳು ಯಾರೆಲಿ. ಇಪ್ಪತ್ಮೂರರ ಹುಡುಗಿ, ಕೆಲಸಕ್ಕೆ ಸೇರಿ ವರ್ಷವಾಗಿಲ್ಲ, ನಾಲಿಗೆ ಮಾತ್ರ ಅಂಗಡಿಗಿಂತ ಹಳೆಯದು. "ಹೋಗಿ ಕೂತು ಕುರ್ಚಿ ಬಿಸಿ ಮಾಡಿಡಿ. ನಂದು ನಿಮ್ಮ ಹಿಂದೇನೇ ಇರೋದು."

"ನಂಗೇನು ಬೇಡ. ನೀನೇ ಕೂತ್ಕೋ."

"ಅಯ್ಯೋ, ಪಟ್ಟಿ ಪ್ರಕಾರ ಹೋಗ್ಬೇಕಂತೆ. ನೀವು ಕೂರದೆ ಇದ್ರೆ ನಂಗೆ ಪಾಳಿ ಬರಲ್ಲ. ಯಾಕೆ, ಕೂರೋದು ಮರ್ತೋಯ್ತಾ?"

ಉಳಿದವರು ಕಿಸಕ್ಕನೆ ನಕ್ಕರು. ಒಬ್ದೂಲಿಯಾಳೂ ನಕ್ಕಂತೆ ಮಾಡಿ ತನ್ನ ಜಾಗಕ್ಕೆ ಹೋಗಿ ನಿಂತಳು. ಅವಳ ಜಾಗವೆಂದರೆ ಮೂರು ಪದರ ರಟ್ಟು. ಸೋಪಿನಪುಡಿಯ ಪೆಟ್ಟಿಗೆ ಬಿಚ್ಚಿ ಮಡಚಿದ್ದು, ವಾರಕ್ಕೊಮ್ಮೆ ಬದಲಾಯಿಸುವುದು. ಬರಿಯ ಸಿಮೆಂಟಿನ ಮೇಲೆ ನಿಂತರೆ ತಂಪು ಮೊಣಕಾಲಿಗೇರಿ ಅಲ್ಲೇ ಮನೆ ಮಾಡಿಕೊಳ್ಳುತ್ತದೆ ಎನ್ನುವುದನ್ನು ಈ ಅಂಗಡಿಯ ಪ್ರತಿ ಹೊಸ ಹುಡುಗಿಗೂ ಅವಳೇ ಹೇಳಿಕೊಟ್ಟಿದ್ದಳು. ನಿಲ್ಲುವುದೂ ಒಂದು ವಿದ್ಯೆ. ಶೂ ಅರ್ಧ ಅಳತೆ ದೊಡ್ಡದಿರಬೇಕು, ಏಕೆಂದರೆ ಮಧ್ಯಾಹ್ನದ ಮೇಲೆ ಕಾಲು ನಮ್ಮದಲ್ಲ. ಅದರೊಳಗೆ ಹೆಂಗಸರ ತಿಂಗಳ ಪ್ಯಾಡು ಒಂದೊಂದು ಅಂಟಿಸಬೇಕು, ಅಂಗಡಿಯ ಯಾವ ಮೆತ್ತೆಯೂ ಅದರ ಮುಂದೆ ಏನಲ್ಲ. ಮೊಣಕಾಲನ್ನು ಬಿಗಿ ಮಾಡಕೂಡದು. ಬಟ್ಟೆ ಸುತ್ತುವ ಖಾಲಿ ರಟ್ಟಿನ ಕೊಳವೆಯನ್ನು ಮೇಜಿನ ಕೆಳಗಿಟ್ಟುಕೊಂಡು ಒಂದು ಕಾಲನ್ನು ಅದರ ಮೇಲಿಡಬೇಕು. ರೇಡಿಯೋದಲ್ಲಿ ಒಂದು ಹಾಡು ಎಡಗಾಲಿಗೆ, ಮುಂದಿನದು ಬಲಗಾಲಿಗೆ. ಜಾಹೀರಾತು ಬಂದಾಗ ಬೆರಳು ಮಡಚಿ ಬಿಚ್ಚಬೇಕು. ರಾತ್ರಿ ಉಪ್ಪುನೀರಿನ ಬಕೆಟ್ಟು, ಆಮೇಲೆ ಗೋಡೆಗೆ ಕಾಲು ಚಾಚಿ ಕಾಲು ಗಂಟೆ, ಆಮೇಲೆ ತಂಗಿ ಸೀಸೆಯಲ್ಲಿ ಮದ್ಯಸಾರದೊಳಗೆ ನೆನೆಹಾಕಿಡುವ, ಪೊಲೀಸರ ಮುಂದೆ ಹೆಸರೆತ್ತಬಾರದ ಎಲೆಯ ತೈಲ. ಇಷ್ಟೆಲ್ಲ ಮಾಡಿಯೂ ಎಡಗಾಲಿನ ಹಿಮ್ಮಡಿಯಲ್ಲಿ ಮೂಳೆ ಬೆಳೆದು, ಬೆಳಗಿನ ಮೊದಲ ಹೆಜ್ಜೆ ಮೊಳೆಯ ಮೇಲಿಟ್ಟಂತಾಗುತ್ತಿತ್ತು. ಡಾಕ್ಟರು ಕೂತು ಕೆಲಸ ಮಾಡಿ ಎಂದಿದ್ದರು. ಅವಳು ಆಗಲಿ ಎಂದು, ಹೊರಗೆ ಬಂದು, ಬಸ್ಸಿನಲ್ಲಿ ನಿಂತುಕೊಂಡೇ ಮನೆಗೆ ಹೋಗಿದ್ದಳು.

ಕೂರಬೇಕೆಂಬ ಆಸೆ ಅವಳಿಗಿಲ್ಲವೇ? ಇದ್ದಷ್ಟು ಯಾರಿಗೂ ಇರಲಾರದು. ಸೋಮವಾರದಿಂದ ಆ ಕುರ್ಚಿಯನ್ನು ಕಳ್ಳಗಣ್ಣಲ್ಲಿ ನೋಡಿ ನೋಡಿ, ಅದರ ಬೆನ್ನಿನ ಬಾಗು ತನ್ನ ಸೊಂಟದ ಯಾವ ಮೂಳೆಗೆ ತಾಗಬಹುದು ಎನ್ನುವುದು ಕೂಡ ಅವಳಿಗೆ ಗೊತ್ತಾಗಿಹೋಗಿತ್ತು. ಆದರೆ ತಾನೀಗ ಕೂತರೆ ಫಿದೇಲಾ ಕೆಲಸ ಕಳೆದುಕೊಂಡದ್ದು ಯಾತಕ್ಕೆ? ಹನ್ನೊಂದು ವರ್ಷದ ಹಿಂದೆ, ಹೀಗೇ ಜನವರಿಯ ಕೊನೆಯ ವಾರ, ಮನೆಮನೆಯ ಬಾಲಯೇಸು ಗೊಂಬೆಗೆ ಹಬ್ಬದ ಹೊಸ ಅಂಗಿ ಹೊಲಿಸಲು ಇಡೀ ಊರೇ ಸ್ಯಾಟಿನ್ನಿಗೆ ಮುಗಿಬಿದ್ದಿದ್ದ ದಿನ, ಪಕ್ಕದ ಮೇಜಿನ ಫಿದೇಲಾ ಮಖಮಲ್ಲಿನ ಸುರುಳಿಗಳ ಹಿಂದೆ ಹೋಗಿ ಶೂ ಕಳಚಿ ಕೂತಿದ್ದಳು. ಐದು ನಿಮಿಷವೂ ಆಗಿರಲಿಲ್ಲ. ದೋನ್ ಅನ್ಸೆಲ್ಮೊ ಬಂದು, "ಫಿದೇಲಾ ಎಲ್ಲಿ?" ಎಂದು ಕೇಳಿದ. ಕಕ್ಕಸಿಗೆ ಹೋಗಿದ್ದಾಳೆ ಎನ್ನಬಹುದಿತ್ತು. ಗೊತ್ತಿಲ್ಲ ಎನ್ನಬಹುದಿತ್ತು. ಸುಮ್ಮನಾದರೂ ಇರಬಹುದಿತ್ತು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದಳಲ್ಲ. ಒಬ್ದೂಲಿಯಾ ಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟು, "ಮಖಮಲ್ಲಿನ ಹಿಂದೆ ನೋಡಿ ಧಣಿ" ಎಂದಿದ್ದಳು. ಕೇಳಿದ್ದಕ್ಕೆ ಉತ್ತರ ಕೊಟ್ಟೆ ಅಷ್ಟೆ ಎಂದು ಮೊದಲ ಎರಡು ವರ್ಷ ಹೇಳಿಕೊಂಡಳು. ಆಮೇಲೆ ಅದೂ ಸವೆಯಿತು. ಒಳಗೆ ಉಳಿದದ್ದು ಇಷ್ಟೇ: ತನ್ನ ಕಾಲು ಉರಿಯುತ್ತಿತ್ತು, ಅವಳು ಕೂತಿದ್ದಳು, ಹೊಟ್ಟೆಕಿಚ್ಚಾಯಿತು. ಅದೇ ಸಂಜೆ ಫಿದೇಲಾಳ ಕೆಲಸ ಹೋಯಿತು.

ಹನ್ನೊಂದು ಹತ್ತಕ್ಕೆ ಇನ್ನು ಎಂಟು ನಿಮಿಷವಿತ್ತು. ಯಾರೆಲಿ ಗಡಿಯಾರ ನೋಡಿ ಹುಬ್ಬು ಹಾರಿಸಿದಳು. ಒಬ್ದೂಲಿಯಾ ಬಾಲಯೇಸುವನ್ನು ಒರೆಸಬೇಕೆಂದು ನೆಪ ತೆಗೆದು ಮೂಲೆಯ ಪೂಜಾ ಗೂಡಿನತ್ತ ಹೋದಳು. ಅಂಗಡಿಯ ಬಾಲಯೇಸು ಧಣಿಯ ಅಜ್ಜಿಯ ಕಾಲದ್ದು, ಮರದ ಕೂಸು, ವರ್ಷದ ಮಗುವಿನಷ್ಟು ಎತ್ತರ, ಗಾಜಿನ ಕಣ್ಣು, ಒಂದು ಕೈ ಆಶೀರ್ವಾದಕ್ಕೆ ಎತ್ತಿದ್ದು. ಕ್ರಿಸ್ತಜಯಂತಿಯಿಂದ ಹುಲ್ಲಿನ ತೊಟ್ಟಿಲಲ್ಲಿ ಮಲಗಿದ್ದು, ಬರುವ ಸೋಮವಾರದ ಕಂದೇಲಾರಿಯಾ ಹಬ್ಬಕ್ಕೆ ಹೊಸ ಅಂಗಿ ತೊಟ್ಟು, ತನ್ನ ಪುಟ್ಟ ಕುರ್ಚಿಯಲ್ಲಿ ಕೂತು ಇಗರ್ಜಿಗೆ ಹೋಗಬೇಕು. ಪುಟ್ಟ ಕುರ್ಚಿಯ ಒಂದು ಕಾಲನ್ನು ಗೆದ್ದಲು ತಿಂದಿದ್ದನ್ನು ಅವಳು ಆಗ ನೋಡಿದಳು. ಮುಂದೆ ಆದದ್ದನ್ನು ತಾನು ಮಾಡಿದೆ ಎಂದು ಹೇಳುವುದಕ್ಕಿಂತ ಕೈ ಮಾಡಿತು ಎನ್ನುವುದೇ ವಾಸಿ. ಕೂಸನ್ನು ತೊಟ್ಟಿಲ ಹುಲ್ಲು ಸಮೇತ ಅವಚಿಕೊಂಡು ಬಂದು, ಕಾಯ್ದೆಯ ಕುರ್ಚಿಯ ಮೇಲೆ ಕೂರಿಸಿ, "ಒಂದು ನಿಮಿಷ, ಗೂಡು ಒರ್ಸಿಬಿಡ್ತೀನಿ" ಎಂದಳು.

ಆ ಒಂದು ನಿಮಿಷದೊಳಗೆ ಬಾಗಿಲಲ್ಲಿ ಒಬ್ಬ ಮುದುಕಿ ಕಾಣಿಸಿಕೊಂಡಳು. ಬುಟ್ಟಿ ಕೆಳಗಿಟ್ಟು, ಎದೆಯ ಮೇಲೆ ಶಿಲುಬೆ ಬರೆದುಕೊಂಡು, ಕೂಸಿನ ಮರದ ಪಾದಕ್ಕೆ ಮುತ್ತಿಟ್ಟು, "ಎಂಥ ದೊಡ್ಡ ಸಿಂಹಾಸನ ಕೊಟ್ಟಿದೀರಪ್ಪ ನಮ್ಮ ಕಂದಂಗೆ!" ಎಂದು ಬುಟ್ಟಿಯಿಂದ ಒಂದು ಹಳದಿ ಹೂವು ತೆಗೆದು ಮಡಿಲಲ್ಲಿಟ್ಟಳು. ಆಯಿತಲ್ಲ. ಒಮ್ಮೆ ಕೂತು ಮುತ್ತು ಪಡೆದ ಬಾಲಯೇಸುವನ್ನು ಸುಮ್ಮನೆ ಯಾರೂ ಎತ್ತುವಂತಿಲ್ಲ. ಎತ್ತಿದವಳು ಧರ್ಮತಾಯಿ. ಅವಳು ಮೂರು ವರ್ಷ ಕೂಸಿಗೆ ಬಟ್ಟೆ ಹೊಲಿಸಬೇಕು, ಹಬ್ಬದ ದಿನ ಕಂಡವರಿಗೆಲ್ಲ ತಮಾಲೆ ಎಂಬ ಜೋಳದ ಕಡುಬು ಬೇಯಿಸಿ ಹಾಕಬೇಕು. ಒಂಬತ್ತು ಹೆಂಗಸರೂ ಒಮ್ಮೆಲೇ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಹನ್ನೊಂದು ಹತ್ತಾಯಿತು. ಹನ್ನೊಂದು ಇಪ್ಪತ್ತೂ ಆಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಸರ್ಕಾರವೇನೋ ಕೊಟ್ಟಿತು, ದೇವರೇ ಬಂದು ಕೂತುಬಿಟ್ಟ.

"ಯಾರು ಇಟ್ಟಿದ್ದು ಇದನ್ನ?" ಎಂದು ಯಾರೆಲಿ ಸೊಂಟಕ್ಕೆ ಕೈಕೊಟ್ಟು ನಿಂತಳು. "ನಂಗೆ ಹನ್ನೊಂದು ಇಪ್ಪತ್ತಕ್ಕೆ ಇತ್ತು!"

"ನಾನೇ ಕಣೇ. ಒಂದು ನಿಮಿಷ ಅಂತ ಇಟ್ಟೆ."

"ಹಂಗಾದ್ರೆ ನೀವೇ ಎತ್ತಿ. ತಮಾಲೆ ನಿಮ್ಮ ಲೆಕ್ಕ. ಮೆಣಸಿನಕಾಯಿ ಹಾಕಿದ್ದು ನಂಗೆ ಎರಡು, ಸಿಹಿದು ಒಂದು."

ದೋನ್ ಅನ್ಸೆಲ್ಮೊ ಮಹಡಿಯಿಂದ ಇಳಿದು ಬಂದು, ಕುರ್ಚಿ ನೋಡಿ, ಮುಖವರಳಿಸಿ, ಹಾಗೇ ಮೇಲೆ ಹೋದ. ಒಬ್ದೂಲಿಯಾಳಿಗೆ ಒಂದು ಗಳಿಗೆ ಹಗುರೆನಿಸಿತು. ಇನ್ನು ಯಾರೂ ಕೂರುವುದಿಲ್ಲ, ಕೂರದಿರುವುದು ಯಾರ ತಪ್ಪೂ ಅಲ್ಲ. ಆದರೆ ಹಗುರಾದದ್ದು ಮನಸ್ಸು, ಕಾಲಲ್ಲ. ಮಧ್ಯಾಹ್ನದ ಹೊತ್ತಿಗೆ ಕೂಸಿನ ಮುಂದೆ ಎರಡು ಮೇಣದ ಬತ್ತಿ, ಒಂದು ಗಿಲಕಿ, ಯಾರೋ ಇಟ್ಟ ಕಿತ್ತಳೆ. ಬಟ್ಟೆಗೆ ಬಂದವರು ಸಾಲುಗಟ್ಟಿ ಪಾದ ಮುಟ್ಟುತ್ತಿದ್ದರು. ಆಚೆ ಮೇಜಿನಲ್ಲಿ ಯಾರೆಲಿ ಒಂದು ಕಾಲ ಮೇಲೆ ಕೊಕ್ಕರೆಯಂತೆ ನಿಂತು ಇನ್ನೊಂದರ ಮೀನಖಂಡ ತಿಕ್ಕಿಕೊಳ್ಳುತ್ತಿದ್ದಳು. ಆ ಹುಡುಗಿಯ ಮೀನಖಂಡದಲ್ಲಿ ಆಗಲೇ ಒಂದು ನೀಲಿ ನರ ಎದ್ದಿತ್ತು. ಇಷ್ಟು ದಿನ ಅದು ಕಾಣಲಿಲ್ಲವಲ್ಲ. ಇವಳ ಹತ್ತು ನಿಮಿಷವನ್ನೂ ನಾನೇ ಕಿತ್ತುಕೊಂಡೆ, ಅದೂ ದೇವರ ಕೈಯಿಂದ ಕೀಳಿಸಿದೆ, ಎಂದುಕೊಂಡಳು ಒಬ್ದೂಲಿಯಾ. ನಿಂತುಕೊಂಡೇ ಮೂರು ಮೀಟರು ಸ್ಯಾಟಿನ್ನಿಗೆ ಬದಲು ನಾಲ್ಕು ಕತ್ತರಿಸಿಬಿಟ್ಟಳು.

ಕೂರುವ ಜಾಗ ಹೀಗೆ ಯಾರಿಗೂ ದಕ್ಕದೆ ಹೋದದ್ದು ಬಸ್ಸಿನಲ್ಲೂ ಒಮ್ಮೆ ಆಗಿತ್ತು. ಎರಡು ವರ್ಷದ ಹಿಂದೆ, ಸಂಜೆಯ ನೂಕುನುಗ್ಗಲು, ಮುಂದಿನ ಸೀಟಿನಿಂದ ಒಬ್ಬ ಹೆಂಗಸು ಎದ್ದು, "ಕೂತ್ಕೊಳ್ಳಿ ದೋನ್ಯಾ ಒಬ್ದು, ಬೆಳಗಿಂದ ನಿಂತಿರ್ತೀರ" ಎಂದಳು. ಫಿದೇಲಾ. ಕೂದಲು ನೆರೆತಿತ್ತು, ನಗು ಅದೇ. ಕೊಂಕಿಲ್ಲ, ಕುಟುಕಿಲ್ಲ, ನಿಜವಾಗಿಯೂ ಕೂರಲಿ ಎಂದೇ ಎದ್ದಿದ್ದಳು. ಒಂದು ಚೂರು ವಿಷವಾದರೂ ಇದ್ದಿದ್ದರೆ ಒಬ್ದೂಲಿಯಾ ಕೂತುಬಿಡುತ್ತಿದ್ದಳೇನೋ. "ಬೇಡ ಬೇಡ, ನೀನೇ ಕೂತ್ಕೋ" ಎಂದಳು. "ಅಯ್ಯೋ, ನನ್ನ ಸ್ಟಾಪು ಇಲ್ಲೇ ಬಂತು ಬಿಡಿ" ಎಂದಳು ಫಿದೇಲಾ. ಅವಳದು ಇಲ್ಲೇ ಬರಲಿಲ್ಲ. ಹದಿನಾಲ್ಕು ನಿಲ್ದಾಣ ಕಳೆದವು. ನಡುವೆ ಖಾಲಿ ಸೀಟು, ಅದರ ಎರಡು ಬದಿಗೆ ಇಬ್ಬರು ಹೆಂಗಸರು ಕಂಬಿ ಹಿಡಿದು ಜೋಲಿ ಹೊಡೆಯುತ್ತ ಜೋಳದ ಹಿಟ್ಟಿನ ಬೆಲೆ ಮಾತಾಡಿದರು. ಕೊನೆಗೆ ಒಬ್ಬ ಗಡ್ಡದ ಕಾಲೇಜು ಹುಡುಗ, "ಯಾರೂ ಕೂರಲ್ವಾ?" ಎಂದು ಕೂತು ನಿದ್ದೆಹೋದ. ಕ್ಷಮಿಸು ಎಂಬ ಮಾತು ಒಬ್ದೂಲಿಯಾಳ ಬಾಯಿಗೆ ಬರಲೇ ಇಲ್ಲ. ಕ್ಷಮಿಸೆನ್ನುವುದಕ್ಕೆ ಮೊದಲು, ಹೇಳಿದ್ದು ನಾನೇ ಎನ್ನಬೇಕಿತ್ತು. ಫಿದೇಲಾಳಿಗೆ ಅದು ಗೊತ್ತಿತ್ತೋ ಇಲ್ಲವೋ ಇವತ್ತಿಗೂ ತಿಳಿಯದು.

ನಾಲ್ಕು ಗಂಟೆಗೆ ಸರ್ಕಾರದ ಕಡೆಯಿಂದ ಇನ್‌ಸ್ಪೆಕ್ಟರು ಬಂದ. ಮೂವತ್ತರ ಆಸುಪಾಸಿನವನು, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಹಲಗೆಗೆ ಸಿಕ್ಕಿಸಿದ ನಮೂನೆ. ಬೆಳಗಿನಿಂದ ಹನ್ನೆರಡು ಅಂಗಡಿ ನಿಂತೇ ನೋಡಿ ಬಂದಿದ್ದನಂತೆ. ಸಣ್ಣಗೆ ಕುಂಟುತ್ತಿದ್ದ. ದೋನ್ ಅನ್ಸೆಲ್ಮೊ ಮಹಡಿ ಮೆಟ್ಟಿಲನ್ನು ಎರಡೆರಡಾಗಿ ಇಳಿದು ಬಂದ.

"ಕುರ್ಚಿ ಎಲ್ಲಿ?"

"ಅಲ್ಲೇ ಇದೆಯಲ್ಲ ಸ್ವಾಮಿ."

ಇನ್‌ಸ್ಪೆಕ್ಟರು ಮೇಣದ ಬತ್ತಿ ದಾಟಿ ಹತ್ತಿರ ಹೋಗಿ, ಕೂಸಿನ ಗಾಜಿನ ಕಣ್ಣು ನೋಡಿ, ಪೆನ್ನು ಹಿಡಿದ ಕೈಯಿಂದಲೇ ಶಿಲುಬೆ ಬರೆದುಕೊಂಡ. "ಇವರು ಸಿಬ್ಬಂದಿನಾ?"

"ಬಾಲಯೇಸು ಸ್ವಾಮಿ."

"ಅದು ಕಾಣುತ್ತೆ. ಸಿಬ್ಬಂದಿ ಕೂತಿದ್ದನ್ನ ನಾನು ಕಣ್ಣಾರೆ ನೋಡಿ ಬರೀಬೇಕು. ಎತ್ತಿಸಿ."

ಯಾರೂ ಅಲುಗಲಿಲ್ಲ. ಧಣಿ ಹೆಂಗಸರನ್ನು ನೋಡಿದ. ಹೆಂಗಸರು ಸೂರು ನೋಡಿದರು. "ತಾವೇ ಎತ್ತಿಬಿಡಿ ಸ್ವಾಮಿ, ತಾವು ಸರ್ಕಾರ" ಎಂದ ಧಣಿ, ಬೆಣ್ಣೆ ಹಚ್ಚುವ ದನಿಯಲ್ಲಿ.

"ನಾನಾ? ಹೋದ ವರ್ಷ ಅತ್ತೆ ಮನೇಲಿ ಗೊತ್ತಿಲ್ದೆ ಎತ್ತಿ ನೂರಿಪ್ಪತ್ತು ತಮಾಲೆ ಹಾಕ್ಸಿದೀನಿ. ಇನ್ನೂ ಎರಡು ವರ್ಷ ಬಾಕಿ ಇದೆ. ಬೇಡಪ್ಪ."

"ಮಾಲೀಕರು ನೀವಲ್ವಾ, ನೀವೇ ಎತ್ತಿ" ಎಂದಳು ಯಾರೆಲಿ ಹಿಂದಿನಿಂದ. ದೋನ್ ಅನ್ಸೆಲ್ಮೊ ಕಿವಿ ಕೇಳದವನಂತೆ ಕನ್ನಡಕ ಹುಡುಕತೊಡಗಿದ. ಅದು ಅವನ ಹಣೆಯ ಮೇಲೇ ಇತ್ತು.

ಒಬ್ದೂಲಿಯಾ ರಟ್ಟಿನಿಂದ ಕೆಳಗಿಳಿದಳು. ಸಿಮೆಂಟಿನ ತಂಪು ಅಂಗಾಲಿಗೆ ಬಡಿಯಿತು. ಮೇಜು ಬಳಸಿ ಕುರ್ಚಿಯ ತನಕ ಹದಿನೈದು ಹೆಜ್ಜೆ, ಎಲ್ಲರೂ ನೋಡುತ್ತಿದ್ದರು, ಹಿಮ್ಮಡಿಯ ಮೊಳೆ ಪ್ರತಿ ಹೆಜ್ಜೆಗೂ ಚುಚ್ಚಿತು. ಬಗ್ಗಿ ಕೂಸನ್ನು ಎತ್ತಿದಳು. ಕೂಸು ಬೆಳಗಿಗಿಂತ ಭಾರವಾಗಿತ್ತು, ಅಥವಾ ಬೆಳಿಗ್ಗೆ ತಾನು ಎತ್ತಿರಲೇ ಇಲ್ಲ, ಅವಚಿಕೊಂಡು ಓಡಿದ್ದಳು. ಹೂವು, ಗಿಲಕಿ, ಕಿತ್ತಳೆ ಉದುರಿದವು. ಒಂಬತ್ತರಲ್ಲಿ ಎಂಟು ಜನ ಉಸ್ಸೆಂದರು. ಕೂಸನ್ನು ಇಡಲು ಜಾಗ ಹುಡುಕಿದಳು. ಯಾರೂ ಕೈ ನೀಡಲಿಲ್ಲ. ಹಾಗೇ ಅದನ್ನು ಎದೆಗೊತ್ತಿಕೊಂಡು ಮೆಲ್ಲಗೆ, ಮೊದಲು ಕೈ ಊರಿ, ಆಮೇಲೆ ಸೊಂಟ, ಕೂತಳು.

ಸುಖವಾಗುತ್ತದೆಂದು ಎಣಿಸಿದ್ದಳು. ಇಲ್ಲ. ಇಷ್ಟು ಹೊತ್ತು ಸತ್ತಂತಿದ್ದ ನೋವು ಎದ್ದು ಕೂತಿತು. ಪಾದದಿಂದ ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ, ಒಂದೊಂದೇ ನರ ಹಿಡಿದು ಏರಿ ಬಂತು, ಮೂವತ್ತೊಂದು ವರ್ಷದ್ದೂ ಇವತ್ತೇ ಬಂತು. ಕಣ್ಣಲ್ಲಿ ನೀರಾಡಿತು. ಬಾಗಿಲ ಬಳಿ ಇಬ್ಬರು ಗಿರಾಕಿ ಹೆಂಗಸರು, ಕುರ್ಚಿಯಲ್ಲಿ ಕೂತ ಹೆಂಗಸು, ಮಡಿಲಲ್ಲಿ ಕೂಸು, ಕೆಳಗೆ ಬತ್ತಿ, ಇಷ್ಟನ್ನು ನೋಡಿ ಮೊಣಕಾಲೂರಿಬಿಟ್ಟರು. "ಏಳ್ರಮ್ಮಾ, ಏಳಿ, ನಾನು ಒಬ್ದೂಲಿಯಾ, ಲೈನಿಂಗ್ ಬಟ್ಟೆಯವಳು" ಎಂದಳು. ಅವರು ಏಳಲಿಲ್ಲ. ಇನ್‌ಸ್ಪೆಕ್ಟರು ಫೋಟೋ ತೆಗೆದ.

"ಕೆಲಸದ ವೇಳೆಯಲ್ಲಿ ಕೂರೋಕೆ ಅವಕಾಶ ಇದೆ ತಾನೆ?" ಎಂದು ನಮೂನೆ ಓದಿದ.

"ಬರ್ಕೊಳ್ಳಿ" ಎಂದಳು ಒಬ್ದೂಲಿಯಾ. ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. "ಫಿದೇಲಾ ಸಾಲಾಸ್. ಹನ್ನೊಂದು ವರ್ಷದ ಹಿಂದೆ ಇಲ್ಲೇ, ಈ ಮಖಮಲ್ಲಿನ ಹಿಂದೆ, ಐದು ನಿಮಿಷ ಕೂತಿದ್ಲು. ಅದಕ್ಕೇ ಕೆಲಸದಿಂದ ತೆಗೆದ್ರು. ತೋರಿಸಿಕೊಟ್ಟಿದ್ದು ನಾನು. ಯಾರೂ ನನ್ನ ಕುತ್ತಿಗೆ ಹಿಡಿದಿರಲಿಲ್ಲ. ಹೊಟ್ಟೆಕಿಚ್ಚಿಗೆ ಹೇಳ್ದೆ. ಬೆಳಿಗ್ಗೆ ಈ ಕೂಸನ್ನ ಇಲ್ಲಿಟ್ಟಿದ್ದೂ ನಾನೇ, ಕೂರ್ಬೇಕಾಗುತ್ತಲ್ಲ ಅಂತ."

ದೋನ್ ಅನ್ಸೆಲ್ಮೊನ ಕಿವಿ ಕೆಂಪಾಯಿತು. ಇನ್‌ಸ್ಪೆಕ್ಟರು ನಮೂನೆಯನ್ನು ಹಿಂದೆ ಮುಂದೆ ತಿರುಗಿಸಿದ. ಅವನು ಒಳ್ಳೆಯ ಹುಡುಗ, ನಿಜವಾಗಿಯೂ ಹುಡುಕಿದ.

"ಅದಕ್ಕೆ ಇದ್ರಲ್ಲಿ ಕಾಲಂ ಇಲ್ಲಮ್ಮ" ಎಂದ ಕೊನೆಗೆ. "ಕುರ್ಚಿಗೆ ಬೆನ್ನು ಇದೆಯಾ ಇಲ್ವಾ, ಅಷ್ಟೇ ಇರೋದು."

"ಇದೆ" ಎಂದಳು ಒಬ್ದೂಲಿಯಾ. ಅವನು ಇದೆ ಎಂದು ಗೀಟು ಹಾಕಿ, ಧಣಿಯ ಸಹಿ ಹಾಕಿಸಿಕೊಂಡು, ಕುಂಟುತ್ತ ಹದಿನಾಲ್ಕನೇ ಅಂಗಡಿಗೆ ಹೋದ.

ಹತ್ತು ನಿಮಿಷ ಆಗಿದೆ ಎಂದು ಯಾರೂ ಹೇಳಲಿಲ್ಲ. ಅವಳೇ ಗಡಿಯಾರ ನೋಡಿದಳು. ಏಳುವುದು ಕೂರುವುದಕ್ಕಿಂತ ಕಷ್ಟವಾಯಿತು, ಕೂಸಿನ ಭಾರ ಬೇರೆ. "ಬಾರೇ ಮಗಳೇ, ನಿನ್ನ ಪಾಳಿ" ಎಂದಳು. ಯಾರೆಲಿ ಧಣಿಯನ್ನು ನೋಡಿದಳು, ಒಬ್ದೂಲಿಯಾಳನ್ನು ನೋಡಿದಳು, ಬಂದು ಧೊಪ್ಪನೆ ಕೂತಳು. ಎರಡೂ ಶೂ ಒದ್ದು ಕಳಚಿದಳು. ಕತ್ತರಿ ನೆಲಕ್ಕಿಟ್ಟಳು. ಕಾಲ ಮೇಲೆ ಕಾಲು ಹಾಕಿ, ಈ ಜನ್ಮದಲ್ಲಿ ಏಳದವಳಂತೆ ಹಿಂದಕ್ಕೊರಗಿ, "ಅಬ್ಬಬ್ಬಾ" ಎಂದಳು. ಒಬ್ದೂಲಿಯಾಳಿಗೆ ಮೊದಲು ಬಂದದ್ದು ಸಂತೋಷವಲ್ಲ. ನಾಚಿಕೆಯಿಲ್ಲದೆ ಹೇಳುವುದಾದರೆ, ಅದೇ ಉರಿ, ಅದೇ ಹೊಟ್ಟೆಯಿಂದ, ಅಷ್ಟೇ ಬಿಸಿಯಾಗಿ ಬಂತು. ಇಷ್ಟು ಸುಲಭವಾಗಿ ಕೂರಬಹುದೇ? ಇಷ್ಟು ವರ್ಷವಾದರೂ ಅದು ಸತ್ತಿಲ್ಲವಲ್ಲ ಎಂದು ಅವಳಿಗೆ ಗಾಬರಿಯೂ ಆಯಿತು, ಸಣ್ಣಗೆ ನಗುವೂ ಬಂತು. ಕೂಸನ್ನು ಗೂಡಿಗೆ ಮರಳಿ ಮಲಗಿಸುವಂತಿಲ್ಲ, ಎದ್ದ ಕೂಸು ಮಲಗಬಾರದು. ಪುಟ್ಟ ಕುರ್ಚಿಗೆ ಕಾಲಿಲ್ಲ. ದೊಡ್ಡ ಕುರ್ಚಿಯಲ್ಲಿ ಹುಡುಗಿ ಇದ್ದಾಳೆ. ಅವಳು ಅದನ್ನು ಸೊಂಟಕ್ಕೆ ಏರಿಸಿಕೊಂಡು ಮೇಜಿನ ಹಿಂದೆ ಹೋಗಿ ತನ್ನ ರಟ್ಟಿನ ಮೇಲೆ ನಿಂತಳು.

ಮೊಣಕಾಲೂರಿದ್ದವರಲ್ಲಿ ಒಬ್ಬಳು ಎದ್ದು, ಲಂಗ ಕೊಡವಿಕೊಂಡು, ಮೇಜು ತಟ್ಟಿದಳು. "ನೀವು ಕೂಸು ಎತ್ಕೊಂಡಿದೀರ, ಪಾಪ. ಆ ಹುಡುಗಿ ಸುಮ್ನೆ ಕೂತಿದಾಳಲ್ಲ, ಅವಳನ್ನ ಕರೀರಿ."

"ಅವಳು ಕೂತಿದಾಳೆ" ಎಂದಳು ಒಬ್ದೂಲಿಯಾ. "ಏನು ಬೇಕು, ನಂಗೆ ಹೇಳಿ."

ಎರಡೂವರೆ ಮೀಟರು ಬಿಳಿ ಸ್ಯಾಟಿನ್ ಬೇಕಿತ್ತು. ಒಬ್ದೂಲಿಯಾ ಒಂದೇ ಕೈಯಲ್ಲಿ ಸುರುಳಿ ಉರುಳಿಸಿದಳು.